ಛತ್ರದವನ ಲೆಕ್ಕ: ಅಮೆರಿಕದ ಕ್ರೈಸ್ತ ಆಸ್ಪತ್ರೆಗಳೂ ಒಕ್ಕೂಟ ಸರ್ಕಾರದ ಹಣವೂ

ಅಮೆರಿಕದ ಅಂತರ್ಯುದ್ಧ ಆರಂಭವಾದ 1861ರಲ್ಲಿ, ಡಾಟರ್ಸ್ ಆಫ್ ಚಾರಿಟಿ ಎಂಬ ಕಥೋಲಿಕ ಧರ್ಮಭಗಿನಿಯರ ಸಂಘವು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಪ್ರಾವಿಡೆನ್ಸ್ ಎಂಬ ಆಸ್ಪತ್ರೆಯನ್ನು ತೆರೆಯಿತು. ನಗರದಲ್ಲಿದ್ದ ಆಸ್ಪತ್ರೆಯನ್ನು ಸೈನ್ಯವು ವಹಿಸಿಕೊಂಡದ್ದರಿಂದ ಸಾಮಾನ್ಯ ಜನರಿಗೆ ಚಿಕಿತ್ಸೆಯ ಸ್ಥಳವೇ ಇಲ್ಲವಾಗಿತ್ತು. 1864ರಲ್ಲಿ ಕಾಂಗ್ರೆಸ್ಸು ಈ ಆಸ್ಪತ್ರೆಗೆ ಕಾನೂನಿನ ಅಸ್ತಿತ್ವವನ್ನು ನೀಡಿತು. ಆ ಮಸೂದೆಗೆ ಅಂಕಿತ ಹಾಕಿದವರು ಅಬ್ರಹಾಂ ಲಿಂಕನ್. ಮುಂದೆ 1897ರಲ್ಲಿ ಸಾಂಕ್ರಾಮಿಕ ರೋಗಿಗಳನ್ನು ಪ್ರತ್ಯೇಕವಾಗಿ ಇರಿಸಲು ಆ ಆಸ್ಪತ್ರೆಯ ಆವರಣದಲ್ಲಿ ಕಟ್ಟಡ ಕಟ್ಟಿಸಲು ಒಕ್ಕೂಟ ಸರ್ಕಾರವು ಹಣ ಮಂಜೂರು ಮಾಡಿದಾಗ, ಬ್ರಾಡ್‌ಫೀಲ್ಡ್ ಎಂಬ ತೆರಿಗೆದಾರರು ನ್ಯಾಯಾಲಯದ ಮೆಟ್ಟಿಲೇರಿದರು. ಕನ್ಯಾಸ್ತ್ರೀಯರು ನಡೆಸುವ ಸಂಸ್ಥೆಗೆ ಸಾರ್ವಜನಿಕರ ಹಣ ಕೊಟ್ಟರೆ ಧರ್ಮವನ್ನು ಸರ್ಕಾರವೇ ಸ್ಥಾಪಿಸಿದಂತೆ ಎಂಬುದು ಅವರ ವಾದ. 1899ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಆಸ್ಪತ್ರೆಯನ್ನು ನಡೆಸುವವರ ನಂಬಿಕೆ ಯಾವುದೇ ಇರಲಿ, ಕಾನೂನಿನ ಕಣ್ಣಿಗೆ ಅದು ರೋಗಿಗಳನ್ನು ಉಪಚರಿಸುವ ಒಂದು ಲೌಕಿಕ ಸಂಸ್ಥೆ ಮಾತ್ರ ಎಂದು ತೀರ್ಪು ಬಂತು.

ಆ ತೀರ್ಪಿನಿಂದ ಸಭೆಯ ಆಸ್ಪತ್ರೆಗಳಿಗೆ ರಾಜ್ಯದ ಬೊಕ್ಕಸದ ಬಾಗಿಲು ತೆರೆಯಿತು. ಅದೇ ತೀರ್ಪು ಅವುಗಳನ್ನು ಉಳಿದ ಆಸ್ಪತ್ರೆಗಳ ಸಾಲಿನಲ್ಲಿ ನಿಲ್ಲಿಸಿತು ಎಂಬುದನ್ನು ಆಗ ಹೆಚ್ಚು ಜನ ಗಮನಿಸಿದಂತೆ ಕಾಣುವುದಿಲ್ಲ.

ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಬೋಧಿಸುವಾಗ ನಾವು ಯಾಜಕನನ್ನೂ ಲೇವಿಯನನ್ನೂ ಆಕ್ಷೇಪಿಸಿ, ಸಮಾರ್ಯದವನನ್ನು ಕೊಂಡಾಡಿ, ಛತ್ರದವನನ್ನು ಒಂದೇ ಮಾತಿನಲ್ಲಿ ದಾಟಿಬಿಡುತ್ತೇವೆ. ಆದರೆ ಸಮಾರ್ಯದವನು ಹೊರಟುಹೋದ ಮೇಲೆ ಗಾಯಾಳುವನ್ನು ನೋಡಿಕೊಂಡವನು ಅವನೇ. ಅವನ ಕೈಯಲ್ಲಿದ್ದದ್ದು ಎರಡು ನಾಣ್ಯ, ಮಿಕ್ಕ ಖರ್ಚಿಗೆ ಒಂದು ವಾಗ್ದಾನ. ಹಣ ತೀರಿದ ಮೇಲೂ ವಾಗ್ದಾನ ಮಾಡಿದವನು ಬಾರದಿದ್ದರೆ ಅವನೇನು ಮಾಡಬೇಕು? ಇಪ್ಪತ್ತನೆಯ ಶತಮಾನದ ಅಮೆರಿಕದ ಆಸ್ಪತ್ರೆಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಛತ್ರದವನ ಈ ಚಿಂತೆಯ ಚರಿತ್ರೆ. ಅವು ಮತ್ತೆ ಮತ್ತೆ ರಾಜಧಾನಿಗೆ ಹೋಗಿ ರೋಗಿಗಳ ಹೆಸರಿನಲ್ಲಿ ಮನವಿ ಸಲ್ಲಿಸಿದವು. ಆ ಮನವಿಗಳಲ್ಲಿ ಗಾಯಾಳುವಿನ ಪರವಾದ ಮಾತು ಎಷ್ಟು, ಛತ್ರದ ಪರವಾದ ಮಾತು ಎಷ್ಟು ಎಂಬುದೇ ಈ ಬರಹದ ಪ್ರಶ್ನೆ.

ಆಸ್ಪತ್ರೆಗಳು ಸಂಘಟಿತವಾದದ್ದು ತಡವಾಗಿ. 1898ರಲ್ಲಿ ಆಸ್ಪತ್ರೆ ಮೇಲ್ವಿಚಾರಕರ ಒಂದು ಸಂಘ ಹುಟ್ಟಿತು. ಅದೇ ಮುಂದೆ ಅಮೆರಿಕನ್ ಹಾಸ್ಪಿಟಲ್ ಅಸೋಸಿಯೇಷನ್ ಆಯಿತು. 1915ರಲ್ಲಿ ಚಾರ್ಲ್ಸ್ ಮೌಲಿನಿಯರ್ ಎಂಬ ಯೇಸುಸಭೆಯ ಪಾದ್ರಿಗಳು ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಆರಂಭದಲ್ಲಿ ಇವು ಯಾವುವೂ ಸರ್ಕಾರದತ್ತ ಕೈಚಾಚಲಿಲ್ಲ. 1929ರಲ್ಲಿ ಡಲ್ಲಾಸಿನ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆ, ಅಂದರೆ ಬ್ಯಾಪ್ಟಿಸ್ಟ್ ಸಂಸ್ಥೆಯೊಂದು, ಶಾಲಾ ಶಿಕ್ಷಕರಿಂದ ತಿಂಗಳಿಗೆ 50 ಸೆಂಟುಗಳನ್ನು ಪಡೆದು, ವರ್ಷಕ್ಕೆ 21 ದಿನಗಳ ಒಳರೋಗಿ ಚಿಕಿತ್ಸೆಯ ಭರವಸೆ ನೀಡಿತು. ಬ್ಲೂ ಕ್ರಾಸ್ ಎಂಬ ದೊಡ್ಡ ವಿಮಾ ವ್ಯವಸ್ಥೆಯ ಮೂಲ ಇದೇ. ಶಿಕ್ಷಕರಿಗೆ ನೆಮ್ಮದಿ, ಆಸ್ಪತ್ರೆಗೆ ಖಚಿತವಾದ ಆದಾಯ. ಆದರೆ ಸಂಬಳವಿದ್ದವರನ್ನು ಮಾತ್ರ ಈ ಏರ್ಪಾಡು ಒಳಗೊಂಡಿತು. ಮುದುಕರು, ಕೆಲಸವಿಲ್ಲದವರು, ಹೊಲಗಳಲ್ಲಿ ದುಡಿಯುವವರು ಹೊರಗೇ ಉಳಿದರು.

1945ರಲ್ಲಿ ಅಧ್ಯಕ್ಷ ಟ್ರೂಮನ್ನರು ಕಾಂಗ್ರೆಸ್ಸಿಗೆ ಕಳುಹಿಸಿದ ಆರೋಗ್ಯ ಸಂದೇಶದಲ್ಲಿ ಆಸ್ಪತ್ರೆಗಳನ್ನು ಕಟ್ಟಲು ನೆರವೂ ಇತ್ತು, ರಾಷ್ಟ್ರವ್ಯಾಪಿ ಆರೋಗ್ಯ ವಿಮೆಯೂ ಇತ್ತು. ಕಾಂಗ್ರೆಸ್ಸು ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಬಿಟ್ಟಿತು. 1946ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಹಿಲ್-ಬರ್ಟನ್ ಕಾಯಿದೆಯನ್ನು ಆಸ್ಪತ್ರೆಗಳ ಸಂಘ ಉತ್ಸಾಹದಿಂದ ಬೆಂಬಲಿಸಿತ್ತು. ಸಭೆ-ರಾಜ್ಯಗಳ ಪ್ರತ್ಯೇಕತೆಯನ್ನು ತತ್ವವಾಗಿ ಹಿಡಿದ ಬ್ಯಾಪ್ಟಿಸ್ಟರಲ್ಲಿ ಕೆಲವರು ಈ ಹಣವನ್ನು ಮುಟ್ಟಲು ಹಿಂಜರಿದರು. ಕಥೋಲಿಕರಿಗೆ ಅಷ್ಟು ಸಂಕೋಚವಿರಲಿಲ್ಲ. ಈ ಯೋಜನೆಯಡಿ ಕಾಲಕ್ರಮದಲ್ಲಿ ಸುಮಾರು 6,800 ಆರೋಗ್ಯ ಸಂಸ್ಥೆಗಳಿಗೆ ನೆರವು ದೊರೆಯಿತು. ಹಣ ಪಡೆದ ಆಸ್ಪತ್ರೆಯು ಕೊಡಲಾಗದವರಿಗೂ ತಕ್ಕಮಟ್ಟಿನ ಸೇವೆ ನೀಡಬೇಕೆಂಬ ಷರತ್ತು ಕಾಯಿದೆಯಲ್ಲೇ ಇತ್ತು. ‘ತಕ್ಕಮಟ್ಟಿನ’ ಎಂದರೆ ಎಷ್ಟು? ಕಾಲು ಶತಮಾನ ಯಾರೂ ಅಳೆಯಲಿಲ್ಲ. ಬಡವರು ತಾವೇ ಮೊಕದ್ದಮೆ ಹೂಡಿದ ಮೇಲೆ, 1972ರಲ್ಲಿ, ಅದಕ್ಕೆ ನಿಯಮಗಳು ಬಂದವು.

ಆ ಕಾಯಿದೆಯಲ್ಲಿ ಇನ್ನೊಂದು ಮಾತು ಅಡಗಿತ್ತು. ಜನಾಂಗಭೇದ ಕೂಡದು ಎಂದು ಹೇಳಿ, ಅದರ ಬೆನ್ನಿಗೇ, ಪ್ರತ್ಯೇಕವಾದರೂ ಸಮಾನವಾದ ಸೌಲಭ್ಯವಿದ್ದರೆ ಅಡ್ಡಿಯಿಲ್ಲ ಎಂದೂ ಅದು ಹೇಳಿತು. ಹೀಗೆ ಒಕ್ಕೂಟ ಸರ್ಕಾರದ ಹಣದಿಂದಲೇ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಆಸ್ಪತ್ರೆಗಳು ಎದ್ದವು. ಉತ್ತರ ಕ್ಯಾರೊಲೈನದ ಗ್ರೀನ್ಸ್‌ಬರೊ ಊರಿನಲ್ಲಿ ಜಾರ್ಜ್ ಸಿಮ್‌ಕಿನ್ಸ್ ಎಂಬ ಕರಿಯ ದಂತವೈದ್ಯರಿದ್ದರು. ಹಲ್ಲು ಕೀವುಗಟ್ಟಿ ಜ್ವರದಿಂದ ಬಳಲುತ್ತಿದ್ದ ರೋಗಿಯೊಬ್ಬನಿಗೆ ಕರಿಯರ ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ. ಬಿಳಿಯರ ಎರಡು ಆಸ್ಪತ್ರೆಗಳು ಒಳಗೆ ಸೇರಿಸಲಿಲ್ಲ. ಆ ಎರಡೂ ಆಸ್ಪತ್ರೆಗಳು ತಲಾ ಹತ್ತು ಲಕ್ಷ ಡಾಲರಿಗೂ ಮಿಗಿಲಾದ ಹಿಲ್-ಬರ್ಟನ್ ಹಣವನ್ನು ಪಡೆದಿದ್ದವು. 1963ರ ನವೆಂಬರಿನಲ್ಲಿ ಒಕ್ಕೂಟ ಮೇಲ್ಮನವಿ ನ್ಯಾಯಾಲಯ ಸಿಮ್‌ಕಿನ್ಸ್ ಮತ್ತು ಅವರ ಸಂಗಡಿಗರ ಪರ ತೀರ್ಪು ನೀಡಿತು. ಆ ಆಸ್ಪತ್ರೆಗಳು ಸಭೆಗೆ ಸೇರಿದವುಗಳಲ್ಲ, ನಿಜ. ಆದರೆ ಆ ಊರಿನ ಸಭೆಗಳ ವಿಶ್ವಾಸಿಗಳು ಅವುಗಳ ಮಂಡಳಿಗಳಲ್ಲಿ ಕುಳಿತಿರಲಿಲ್ಲವೆಂದು ಯಾರು ಹೇಳಿಯಾರು?

ಇನ್ನು 1965. ಅರವತ್ತೈದು ದಾಟಿದವರಿಗೆ ಮೆಡಿಕೇರ್, ಬಡವರಿಗೆ ಒಕ್ಕೂಟವೂ ರಾಜ್ಯಗಳೂ ಸೇರಿ ವೆಚ್ಚ ಭರಿಸುವ ಮೆಡಿಕೇಡ್. ಜುಲೈ 30ರಂದು ಅಧ್ಯಕ್ಷ ಜಾನ್ಸನ್ನರು ವೃದ್ಧ ಟ್ರೂಮನ್ನರ ಊರಿಗೇ ಹೋಗಿ ಕಾಯಿದೆಗೆ ಅಂಕಿತ ಹಾಕಿದರು. ವೈದ್ಯರ ಸಂಘ ಕೊನೆಯವರೆಗೂ ವಿರೋಧಿಸಿತು. ಆಸ್ಪತ್ರೆಗಳು ಮೊದಮೊದಲು ಸಂಶಯಪಟ್ಟು, ಬರಬರುತ್ತಾ ಮೃದುವಾದವು. ಅದಕ್ಕೆ ಕಾರಣವೂ ಇತ್ತು. ಆಸ್ಪತ್ರೆಗೆ ಎಷ್ಟು ವೆಚ್ಚ ತಗಲುವುದೋ ಅಷ್ಟನ್ನು ಸರ್ಕಾರ ಕೊಡಬೇಕು, ಅದರ ಮೇಲೆ ಶೇಕಡಾ 2ರಷ್ಟು ಹೆಚ್ಚಿಗೆ ಸೇರಿಸಬೇಕು ಎಂದಾಯಿತು. ಹಣ ಪಾವತಿಯ ಮಧ್ಯವರ್ತಿಯಾಗಿ ಆಸ್ಪತ್ರೆಗಳೇ ಬ್ಲೂ ಕ್ರಾಸನ್ನು ಹೆಸರಿಸಬಹುದಾಯಿತು. ಹಕ್ಕೊತ್ತಾಯವೆಂಬುದು ಇಷ್ಟು ಫಲ ಕೊಟ್ಟ ಸಂದರ್ಭ ಬೇರೆ ವಿರಳ.

ಇಲ್ಲಿ ದೇವತಾಶಾಸ್ತ್ರದ ವಿದ್ಯಾರ್ಥಿ ನಿಂತು ನೋಡಬೇಕಾದ ಒಂದು ಲೆಕ್ಕವಿದೆ. ಕಥೋಲಿಕ ಆಸ್ಪತ್ರೆಗಳಲ್ಲಿ ಧರ್ಮಭಗಿನಿಯರು ಬಡತನದ ವ್ರತ ತೊಟ್ಟು ಸಂಬಳವಿಲ್ಲದೆ ದುಡಿಯುತ್ತಿದ್ದರು. ವೆಚ್ಚವನ್ನು ಸರ್ಕಾರ ತುಂಬಿಕೊಡುವುದಾದರೆ, ವೆಚ್ಚವೇ ಇಲ್ಲದ ಈ ದುಡಿಮೆಗೆ ಏನು ಬೆಲೆ? ಮೆಡಿಕೇರ್ ನಿಯಮಗಳು ಅದಕ್ಕೊಂದು ಉತ್ತರ ಕಂಡುಕೊಂಡವು: ಅದೇ ಕೆಲಸಕ್ಕೆ ಸಂಬಳ ಪಡೆಯುವವರಿಗೆ ಏನು ಸಲ್ಲುವುದೋ ಆ ಮೊತ್ತವನ್ನು ಆಸ್ಪತ್ರೆಯ ವೆಚ್ಚವೆಂದು ತೋರಿಸಬಹುದು. ನ್ಯಾಯವಾಗಿ ನೋಡಿದರೆ ಇದರಲ್ಲಿ ತಪ್ಪೇನೂ ಇಲ್ಲ. ಆ ಹಣದಿಂದ ಹೊಸ ಹಾಸಿಗೆಗಳು ಬಂದವು. ಆದರೂ ದೇವರಿಗೆಂದು ಅರ್ಪಿಸಿದ ದುಡಿಮೆ ಲೆಕ್ಕಪುಸ್ತಕದಲ್ಲಿ ವಸೂಲಾಗಬೇಕಾದ ಬಾಬ್ತಾಗಿ ಕಾಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಮುಂದಿನ ದಶಕಗಳಲ್ಲಿ ಧರ್ಮಭಗಿನಿಯರ ಸಂಖ್ಯೆ ಕುಗ್ಗಿ ಅವರ ಸ್ಥಾನಕ್ಕೆ ಸಂಬಳದ ಆಡಳಿತಗಾರರು ಬಂದಾಗ, ಲೆಕ್ಕಪುಸ್ತಕದಲ್ಲಿ ಏನೂ ಬದಲಾಗಬೇಕಾದ ಅಗತ್ಯವೇ ಬೀಳಲಿಲ್ಲ.

ಅದೇ ಹಣ ಇನ್ನೊಂದು ಕೆಲಸವನ್ನೂ ಮಾಡಿತು. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಪ್ರಕಾರ, ಜನಾಂಗಭೇದ ಮಾಡುವ ಸಂಸ್ಥೆಗೆ ಒಕ್ಕೂಟದ ಹಣ ಸಲ್ಲದು. 1966ರ ಜುಲೈ 1ರಂದು ಮೆಡಿಕೇರ್ ಆರಂಭವಾಗುವ ಮುನ್ನ ಪರಿವೀಕ್ಷಕರು ಊರೂರಿಗೆ ಹೋಗಿ ವಾರ್ಡುಗಳನ್ನು ನೋಡಿದರು. ನಾಲ್ಕು ತಿಂಗಳೊಳಗೆ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಕರಿಯರಿಗೂ ಬಿಳಿಯರಿಗೂ ಒಂದೇ ವಾರ್ಡನ್ನು ತೆರೆದವು. ದಶಕಗಳ ಪ್ರಸಂಗಗಳು ಸಾಧಿಸದಿದ್ದುದನ್ನು ಹಣ ನಿಂತೀತೆಂಬ ಭಯ ಸಾಧಿಸಿತು. ಇದನ್ನು ಒಪ್ಪಿಕೊಳ್ಳಲು ನಮಗೆ ಕಷ್ಟವಾಗಬಹುದು. ಆದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ವ್ಯಾಖ್ಯಾನಿಸುವವರು ಈ ನಾಲ್ಕು ತಿಂಗಳುಗಳನ್ನು ಮರೆಯಲಾಗದು.

ಈ ಚರಿತ್ರೆಯ ಅತ್ಯಂತ ಅಹಿತಕರವಾದ ಪುಟ 1969ರದು. 1956ರಿಂದ ಜಾರಿಯಲ್ಲಿದ್ದ ನಿಯಮದಂತೆ, ತೆರಿಗೆ ವಿನಾಯಿತಿ ಬೇಕಾದ ಆಸ್ಪತ್ರೆ ತನ್ನ ಶಕ್ತ್ಯನುಸಾರ ಬಡವರಿಗೆ ಉಚಿತ ಚಿಕಿತ್ಸೆ ನೀಡಲೇಬೇಕಿತ್ತು. ಮೆಡಿಕೇರ್, ಮೆಡಿಕೇಡ್ ಬಂದ ಮೇಲೆ ಉಚಿತ ಚಿಕಿತ್ಸೆ ಬೇಡುವ ಬಡವರೇ ಕಡಿಮೆಯಾಗುತ್ತಾರೆ, ಹಾಗಾದರೆ ವಿನಾಯಿತಿಗೆ ಆಧಾರವೇನು ಎಂದು ಆಸ್ಪತ್ರೆಗಳು ಕೇಳಿದವು. ತೆರಿಗೆ ಇಲಾಖೆ ನಿಯಮವನ್ನು ಸಡಿಲಿಸಿತು: ಸಮುದಾಯಕ್ಕೆ ಒಟ್ಟಾರೆ ಪ್ರಯೋಜನವಾದರೆ ಸಾಕು, ತುರ್ತು ಚಿಕಿತ್ಸಾ ವಿಭಾಗ ಎಲ್ಲರಿಗೂ ತೆರೆದಿದ್ದರೆ ಸಾಕು. ಕೆಂಟಕಿಯ ಬೆಟ್ಟಪ್ರದೇಶದ ಬಡವರ ಸಂಘಟನೆಯೊಂದು ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1976ರಲ್ಲಿ ನ್ಯಾಯಾಲಯ ನಿಯಮ ಸರಿಯೋ ತಪ್ಪೋ ಎಂದು ಹೇಳಲೇ ಇಲ್ಲ. ಬೇರೊಬ್ಬರ ತೆರಿಗೆಯ ವಿಷಯದಲ್ಲಿ ದಾವೆ ಹೂಡುವ ಹಕ್ಕು ಈ ಬಡವರಿಗೆ ಇಲ್ಲ ಎಂದಿತು. ಪವಿತ್ರಾತ್ಮನನ್ನು ಕುರಿತು ಯೋಹಾನನು ಬಳಸಿದ, ನಾವು ‘ಸಹಾಯಕ’ ಎಂದು ಅನುವಾದಿಸುವ ಗ್ರೀಕ್ ಪದಕ್ಕೆ ಮತ್ತೊಬ್ಬನ ಪರವಾಗಿ ವಾದಿಸಲು ಕರೆಯಲ್ಪಟ್ಟವನು ಎಂಬ ಅರ್ಥವೂ ಇದೆ. ವಾದಿಸುವ ಹಕ್ಕೇ ಇಲ್ಲವೆನಿಸಿಕೊಂಡ ಆ ಜನರ ಪರವಾಗಿ ಆ ದಿನ ಯಾವ ಆಸ್ಪತ್ರೆ ನಿಂತಿತು? ಐವತ್ತು ವರ್ಷಗಳ ಬಳಿಕ, 2019ರಲ್ಲಿ, ಮೆಂಫಿಸ್ ನಗರದ ಮೆಥೊಡಿಸ್ಟ್ ಹೆಸರು ಹೊತ್ತ ಆಸ್ಪತ್ರೆ ಸಮೂಹವೊಂದು ಐದು ವರ್ಷಗಳಲ್ಲಿ ಬಾಕಿ ವಸೂಲಿಗಾಗಿ 8,300ಕ್ಕೂ ಹೆಚ್ಚು ಮೊಕದ್ದಮೆಗಳನ್ನು ಹೂಡಿದೆಯೆಂದು ಪತ್ರಕರ್ತರು ಬಯಲಿಗೆ ತಂದರು. ಸುದ್ದಿಯಾದ ಮೇಲೆ ಸಾವಿರಾರು ಜನರ ಸಾಲ ಮನ್ನಾ ಆಯಿತು.

1983ರಲ್ಲಿ ಸರ್ಕಾರ ವೆಚ್ಚ ತುಂಬಿಕೊಡುವುದನ್ನು ನಿಲ್ಲಿಸಿ, ರೋಗಕ್ಕೆ ಇಷ್ಟೆಂದು ಮೊದಲೇ ದರ ಕಟ್ಟಿತು. 1986ರಲ್ಲಿ, ಹಣವಿಲ್ಲದ ರೋಗಿಯನ್ನು ತುರ್ತು ವಿಭಾಗದ ಬಾಗಿಲಿಂದ ಬೇರೆಡೆಗೆ ಸಾಗಹಾಕುವುದನ್ನು ನಿಷೇಧಿಸಿತು. ಎರಡೂ ಆಸ್ಪತ್ರೆಗಳಿಗೆ ಬಿಗಿಯಾದವು. ಅವುಗಳ ಕಥೆ ದೀರ್ಘ, ಇಲ್ಲಿ ಬೇಡ.

ಆಸ್ಪತ್ರೆಗಳು ತಮ್ಮ ಜೇಬಿಗೆ ಕೈಹಾಕಿ ಮಾತಾಡಿದ ಸಂದರ್ಭವೂ ಒಂದಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2009ರ ಜುಲೈ ತಿಂಗಳಲ್ಲಿ ಕಥೋಲಿಕ ಸಂಘವೂ ಸೇರಿದಂತೆ ಮೂರು ಆಸ್ಪತ್ರೆ ಸಂಘಗಳು, ಹತ್ತು ವರ್ಷಗಳಲ್ಲಿ ತಮಗೆ ಬರಬೇಕಾದ ಸರ್ಕಾರಿ ಹಣದಲ್ಲಿ 15,500 ಕೋಟಿ ಡಾಲರ್ ಕಡಿತಕ್ಕೆ ಒಪ್ಪಿದವು. ವಿಮೆಯಿಲ್ಲದವರಿಗೆ ವಿಮೆ ದೊರಕಿಸುವ ಸುಧಾರಣೆಗೆ ಅದು ಅವುಗಳ ಪಾಲು. ವಿಮೆಯುಳ್ಳ ರೋಗಿಗಳು ಹೆಚ್ಚಿದರೆ ನಷ್ಟ ತುಂಬಿಬರುವುದೆಂಬ ಎಣಿಕೆಯೂ ಇತ್ತೆನ್ನಿ. ಮರುವರ್ಷದ ಮಾರ್ಚ್‌ನಲ್ಲಿ ಸಭೆಯೊಳಗೇ ಬಿರುಕು ಕಂಡಿತು. ಗರ್ಭಪಾತಕ್ಕೆ ಒಕ್ಕೂಟದ ಹಣ ಸೋರಿಹೋಗುವುದೆಂದು ಕಾರ್ಡಿನಲ್ ಫ್ರಾನ್ಸಿಸ್ ಜಾರ್ಜ್ ಅವರ ನೇತೃತ್ವದ ಧರ್ಮಾಧ್ಯಕ್ಷರ ಮಂಡಳಿ ಮಸೂದೆಯನ್ನು ವಿರೋಧಿಸಿತು. ಕಥೋಲಿಕ ಆಸ್ಪತ್ರೆಗಳ ಸಂಘದ ಮುಖ್ಯಸ್ಥೆ ಸಿಸ್ಟರ್ ಕ್ಯಾರೊಲ್ ಕೀಹನ್, ಮಸೂದೆಯಲ್ಲಿರುವ ತಡೆಗಳು ಸಾಕೆಂದು ಅದನ್ನು ಬೆಂಬಲಿಸಿದರು. ಮಾರ್ಚ್ 21ರಂದು ಪ್ರತಿನಿಧಿಸಭೆಯಲ್ಲಿ 219 ಪರ, 212 ವಿರೋಧ. ಅಂಕಿತಕ್ಕೆ ಬಳಸಿದ ಲೇಖನಿಗಳಲ್ಲಿ ಒಂದನ್ನು ಅಧ್ಯಕ್ಷ ಒಬಾಮಾ ಆಕೆಗೆ ಕೊಟ್ಟರು. ಧರ್ಮಾಧ್ಯಕ್ಷರ ನೋವು ಬಹುಕಾಲ ಆರಲಿಲ್ಲ. ಸಭೆಯ ಪರವಾಗಿ ಮಾತಾಡುವ ಅಧಿಕಾರ ಯಾರದು ಎಂಬ ಅವರ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತವರ ಸಾಕ್ಷ್ಯಕ್ಕೂ ಒಂದು ತೂಕವಿದೆ ಎಂದೇ ನನ್ನ ಮತ.

2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. 2017ರಲ್ಲಿ ಕಾಯಿದೆಯನ್ನು ರದ್ದುಪಡಿಸುವ ಯತ್ನ ಸೆನೆಟ್ಟಿನಲ್ಲಿ 49–51 ಮತಗಳಿಂದ ಬಿದ್ದುಹೋಯಿತು. 2025ರ ಜುಲೈ 4ರಂದು ಅಂಕಿತವಾದ ಕಾಯಿದೆಯು ಮೆಡಿಕೇಡಿಗೆ ಭಾರಿ ಕಡಿತ ತಂದಿತು. 2034ರ ಹೊತ್ತಿಗೆ ವಿಮೆಯಿಲ್ಲದವರ ಸಂಖ್ಯೆ ಸುಮಾರು ಒಂದು ಕೋಟಿಯಷ್ಟು ಏರುವುದೆಂದು ಕಾಂಗ್ರೆಸ್ಸಿನ ಆಯವ್ಯಯ ಕಚೇರಿಯೇ ಅಂದಾಜು ಮಾಡಿದೆ. ಈ ಎರಡು ಬಾರಿಯೂ ಆಸ್ಪತ್ರೆಗಳು ಕಡಿತದ ವಿರುದ್ಧ ನಿಂತವು. ರೋಗಿಯ ಹಿತವೂ ಛತ್ರದ ಹಿತವೂ ಅಲ್ಲಿ ಒಂದೇ ಆಗಿದ್ದವು; ಹಾಗಾದಾಗ ಯಾರ ಪರ ಎಂದು ಹೊರಗಿನವರು ತಿಳಿಯುವ ಬಗೆಯಿಲ್ಲ.

ಮೊದಲು ಹೇಳಿದ ಪ್ರಾವಿಡೆನ್ಸ್ ಆಸ್ಪತ್ರೆಯ ಮಾತು ಉಳಿಯಿತು. ಸಿಸ್ಟರ್ ಕೀಹನ್ ಸಂಘದ ಹೊಣೆ ಹೊರುವ ಮುನ್ನ ಹಲವು ವರ್ಷ ಅದನ್ನೇ ನಡೆಸಿದ್ದರು. ವಾಷಿಂಗ್ಟನ್ ನಗರ ಮೆಡಿಕೇಡನ್ನು ಬೇಗನೆ ವಿಸ್ತರಿಸಿತ್ತು; ವಿಮೆಯಿಲ್ಲದವರು ಅಲ್ಲಿ ಬಹಳ ಕಡಿಮೆ. ಆದರೂ ದೇಶದ ದೊಡ್ಡ ಕಥೋಲಿಕ ಆಸ್ಪತ್ರೆ ಸಮೂಹಗಳಲ್ಲೊಂದರ ಒಡೆತನಕ್ಕೆ ಸೇರಿದ್ದ ಆ ಆಸ್ಪತ್ರೆ, ನಗರಸಭೆಯ ವಿರೋಧದ ನಡುವೆಯೂ, 2019ರ ಏಪ್ರಿಲ್ 30ರಂದು ಒಳರೋಗಿ ಸೇವೆಯನ್ನೂ ತುರ್ತು ಚಿಕಿತ್ಸಾ ವಿಭಾಗವನ್ನೂ ಮುಚ್ಚಿತು. ಸುತ್ತಲಿನ ಬಡಾವಣೆಗಳ ಜನರ ಕೈಯಲ್ಲಿ ವಿಮೆಯ ಕಾರ್ಡು ಇತ್ತು.