ಸಂಯೋಜಿತ ದ್ರವ್ಯಗಳ ಉಷ್ಣವಾಹಕತೆ: ಒಂದು ಗಣನೆಯ ಚರಿತ್ರೆ

ಎರಡು ಘನದ್ರವ್ಯಗಳನ್ನು ಬೆರೆಸಿ ಮೂರನೆಯದೊಂದನ್ನು ನಿರ್ಮಿಸಿದರೆ ಅದರ ಉಷ್ಣವಾಹಕತೆ ಎಷ್ಟಿದ್ದೀತು? ಘಟಕಗಳ ವಾಹಕತೆಯೂ ಪ್ರಮಾಣವೂ ತಿಳಿದಿದ್ದರೆ ಸರಾಸರಿ ತೆಗೆದರಾಯಿತೆಂದು ಮೊದಲ ನೋಟಕ್ಕೆ ತೋರುವುದು. ಆ ಭಾವನೆ ಎಷ್ಟು ದುರ್ಬಲವೆಂಬುದನ್ನು ಈ ಗಣನೆಯ ಚರಿತ್ರೆಯೇ ತಿಳಿಸುತ್ತದೆ.

ಫೂರ್ಯೆ 1822ರಲ್ಲಿ ಪ್ರಕಟಿಸಿದ ಉಷ್ಣಪ್ರವಾಹದ ಗಣಿತವು ವಿದ್ಯುತ್ಪ್ರವಾಹಕ್ಕೂ ಹೊಂದುವುದೆಂಬುದು ಆ ಶತಮಾನದಲ್ಲಿಯೇ ಸ್ಪಷ್ಟವಾಗಿದ್ದಿತು. ಆದುದರಿಂದ, ಒಂದು ಮಾಧ್ಯಮದಲ್ಲಿ ಚದುರಿರುವ ಗೋಳಗಳ ವಿದ್ಯುತ್‌ರೋಧವನ್ನು ಕುರಿತು ಮ್ಯಾಕ್ಸ್‌ವೆಲ್ಲನು 1873ರ ತನ್ನ ಗ್ರಂಥದಲ್ಲಿ ಸಾಧಿಸಿದ ಸೂತ್ರವು ಉಷ್ಣಕ್ಕೂ ಅನ್ವಯಿಸಿತು. ಆದರೆ ಗೋಳಗಳು ಪರಸ್ಪರ ಪ್ರಭಾವ ಬೀರದಷ್ಟು ದೂರದಲ್ಲಿರಬೇಕೆಂಬುದು ಅದರ ನಿಬಂಧನೆ. 1892ರಲ್ಲಿ ರ‍್ಯಾಲೆಯು ಗೋಳಗಳನ್ನು ಕ್ರಮಬದ್ಧವಾದ ಜಾಲದಲ್ಲಿರಿಸಿ ಆ ಪ್ರಭಾವವನ್ನೂ ಲೆಕ್ಕಕ್ಕೆ ತಂದನು.

1912ರಲ್ಲಿ ವೀನರನು ಪ್ರಶ್ನೆಯನ್ನೇ ಬದಲಿಸಿದನು. ಒಳರಚನೆ ತಿಳಿಯದಿದ್ದಾಗ ಫಲಿತಾಂಶವು ಯಾವ ಮಿತಿಗಳನ್ನು ಮೀರಲಾರದು? ಘಟಕಗಳು ಪದರಗಳಾಗಿ ಪ್ರವಾಹಕ್ಕೆ ಸಮಾಂತರವಾಗಿದ್ದರೆ ವಾಹಕತೆ ಗರಿಷ್ಠ, ಅಡ್ಡವಾಗಿದ್ದರೆ ಕನಿಷ್ಠ. ಎಲ್ಲ ದಿಕ್ಕುಗಳಲ್ಲಿಯೂ ಸಮಾನಗುಣವುಳ್ಳ ಮಿಶ್ರಣಗಳಿಗೆ ಈ ಮಿತಿಗಳನ್ನು 1962ರಲ್ಲಿ ಹಾಶಿನ್ ಮತ್ತು ಶ್ಟ್ರಿಕ್‌ಮನ್ನರು ಇನ್ನಷ್ಟು ಹತ್ತಿರಕ್ಕೆ ತಂದರು.

ಉದಾಹರಣೆಗೆ, ಎಪಾಕ್ಸಿ ರಾಳದ ವಾಹಕತೆ ಮೀಟರ್-ಕೆಲ್ವಿನ್‌ಗೆ 0.2 ವ್ಯಾಟ್, ಅಲ್ಯೂಮಿನಾದ್ದು 30 ವ್ಯಾಟ್ ಎಂದಿಟ್ಟುಕೊಳ್ಳೋಣ. ಗಾತ್ರದಲ್ಲಿ ಶೇಕಡಾ 30ರಷ್ಟು ಅಲ್ಯೂಮಿನಾ ಬೆರೆತರೆ ವೀನರನ ಮಿತಿಗಳು ಸುಮಾರು 0.28 ಮತ್ತು 9.1, ಹಾಶಿನ್-ಶ್ಟ್ರಿಕ್‌ಮನ್ನರವು 0.45 ಮತ್ತು 6.8. ಈ 0.45 ಮ್ಯಾಕ್ಸ್‌ವೆಲ್ಲನ ಸೂತ್ರ ಕೊಡುವ ಬೆಲೆಯೇ ಆಗಿದೆ. ರಾಳದಲ್ಲಿ ಕಣಗಳು ಬಿಡಿಬಿಡಿಯಾಗಿದ್ದರೆ ಫಲಿತಾಂಶವು ಕೆಳಮಿತಿಯ ಬಳಿ ನಿಲ್ಲುವುದು. ಅಲ್ಯೂಮಿನಾವೇ ಅಖಂಡವಾಗಿ ಹಬ್ಬಿದ್ದು ರಾಳವು ಅದರೊಳಗೆ ಬಿಡಿಯಾಗಿದ್ದರೆ ಮೇಲ್ಮಿತಿಯತ್ತ ಏರುವುದು. ಪ್ರಮಾಣ ಒಂದೇ, ಜೋಡಣೆ ಬೇರೆ. ಸರಾಸರಿಯನ್ನು ನಂಬಿ 9 ವ್ಯಾಟ್ ಎಂದೆಣಿಸಿದ ಎಂಜಿನಿಯರನ ಯಂತ್ರಭಾಗವು ಕಾದು ಕೆಡುವುದರಲ್ಲಿ ಆಶ್ಚರ್ಯವೇನಿಲ್ಲ.

ಇಷ್ಟಕ್ಕೂ ಈ ಮಿತಿಗಳು ಘಟಕಗಳ ಸಂಪರ್ಕವು ನಿರ್ದೋಷವೆಂದು ಭಾವಿಸುತ್ತವೆ. ಎರಡು ದ್ರವ್ಯಗಳು ಕೂಡುವ ಮೇಲ್ಮೈಯೇ ಉಷ್ಣಕ್ಕೆ ತಡೆಯೊಡ್ಡಬಲ್ಲುದೆಂಬುದನ್ನು 1941ರಲ್ಲಿ ಕಪಿತ್ಸನು ದ್ರವಹೀಲಿಯಮ್ಮಿನ ಪ್ರಯೋಗಗಳಲ್ಲಿ ಕಂಡನು. 1987ರಲ್ಲಿ ಹ್ಯಾಸಲ್‌ಮನ್ ಮತ್ತು ಜಾನ್ಸನ್ನರು ಆ ತಡೆಯನ್ನು ಸಂಯೋಜಿತ ದ್ರವ್ಯಗಳ ಸೂತ್ರದೊಳಕ್ಕೆ ತಂದರು. ಕಣಗಳು ಕಿರಿದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚುವುದರಿಂದ, ಒಂದು ಅಳತೆಗಿಂತ ಸಣ್ಣದಾದ ಉತ್ತಮ ವಾಹಕದ ಕಣಗಳು ಮಿಶ್ರಣದ ವಾಹಕತೆಯನ್ನು ತಗ್ಗಿಸಲೂಬಹುದು.

ವಿದ್ಯಾರ್ಥಿಗಳು ಇದರಿಂದ ಗ್ರಹಿಸಬೇಕಾದುದು ಒಂದೇ: ಸೂತ್ರದೊಡನೆ ಅದರ ನಿಬಂಧನೆಯನ್ನೂ ಕಲಿಯದವನು ಸೂತ್ರವನ್ನು ಅರ್ಧವಷ್ಟೇ ಕಲಿತಿರುತ್ತಾನೆ.