ಹತ್ತಿಯ ಕ್ರಯವೂ ಧಾರವಾಡದ ಎರೆಭೂಮಿಯೂ

ಸರಕು ಕಡಮೆಯಾಗಿ ಬೇಡಿಕೆ ಹೆಚ್ಚಿದರೆ ಕ್ರಯವು ಏರುವುದೆಂಬುದು ಅರ್ಥಶಾಸ್ತ್ರದ ಮೊದಲನೆಯ ಪಾಠ. ಸಂತೆಗೆ ಹೋಗಿಬರುವ ಗೃಹಿಣಿಗೂ ಇದು ತಿಳಿದ ವಿಷಯವೇ. ಆದರೆ ಏರಿದ ಕ್ರಯವು ಎಷ್ಟು ಕಾಲ ನಿಲ್ಲುವುದೆಂಬುದನ್ನು ಆ ಕ್ರಯವೇ ಹೇಳಲಾರದು. ಧಾರವಾಡ ಸೀಮೆಯ ಒಕ್ಕಲು ಜನರು ಇದನ್ನು ಶಾಲೆಯಲ್ಲಿ ಕಲಿಯಲಿಲ್ಲ. ಹತ್ತಿಯ ಹೊಲದಲ್ಲಿ ಕಲಿತರು.

1861ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರ ದಕ್ಷಿಣ ಸಂಸ್ಥಾನಗಳಿಗೆ ಯುದ್ಧವು ಮೊದಲಾಯಿತು. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ದಕ್ಷಿಣದ ಗುಲಾಮರ ದುಡಿಮೆಯಿಂದ ಬೆಳೆದದ್ದು. ಉತ್ತರದವರ ನೌಕಾಪಡೆಯು ಬಂದರುಗಳನ್ನು ಮುಚ್ಚಲು ಗಿರಣಿಗಳು ನಿಂತವು. ಲಕ್ಷಾಂತರ ಕೂಲಿಕಾರರು ಕೆಲಸವಿಲ್ಲದೆ ಕುಳಿತರು. 1864ರ ವೇಳೆಗೆ ಲಿವರ್‌ಪೂಲಿನಲ್ಲಿ ಹತ್ತಿಯ ಕ್ರಯವು ಮೊದಲಿನ ಮೂರು ಮಡಿಯನ್ನು ದಾಟಿತು.

ಆಗ ಆಂಗ್ಲೇಯರ ದೃಷ್ಟಿಯು ನಮ್ಮ ಎರೆಭೂಮಿಯ ಮೇಲೆ ಬಿದ್ದಿತು. ಅಮೆರಿಕದ ಬೀಜವನ್ನು ಇಲ್ಲಿ 1840ರ ದಶಕದಿಂದಲೇ ಬಿತ್ತಿಸುತ್ತಿದ್ದರು. ನಾಡಹತ್ತಿಯಂತೂ ಕುಮಟೆಯ ಬಂದರಿನಿಂದ ಹಡಗನ್ನೇರುತ್ತಿದ್ದುದರಿಂದ ಮುಂಬಯಿಯ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರಾಗಿದ್ದಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸಬೇಕೆಂಬ ಹಂಬಲವು ಅದಕ್ಕೆ ಒಂದು ಮುಖ್ಯ ಕಾರಣ. ಅಮೆರಿಕದ ಕಾಳಗಕ್ಕೆ ಕನ್ನಡ ಜಿಲ್ಲೆಯೊಂದರ ಆಡಳಿತವೇ ಕೈಬದಲಾದುದನ್ನು ಎಣಿಸಿದರೆ ಈಗಲೂ ಸೋಜಿಗವಾಗುತ್ತದೆ.

ಕ್ರಯವು ಒಂದು ದಿನದಲ್ಲಿ ಏರಬಹುದು. ಬೆಳೆಯು ಹಾಗೆ ಏರದು. ಶ್ರಾವಣ ಭಾದ್ರಪದಗಳಲ್ಲಿ ಬಿತ್ತಿದರೆ ಅರಳೆಯು ಕೈಗೆ ಬರುವುದು ಮಾಘ ಫಾಲ್ಗುಣಗಳಿಗೆ. ಬಂದ ಮೇಲೂ ಘಟ್ಟವನ್ನಿಳಿಸಲು ಎತ್ತು ಬಂಡಿಗಳೇ ಗತಿ. ಬೆಳೆಯು ಹೆಚ್ಚುವುದಕ್ಕೆ ಮೊದಲೇ ತೂಕವನ್ನು ಹೆಚ್ಚಿಸುವ ಉಪಾಯವನ್ನು ಕೆಲವರು ಕಂಡುಕೊಂಡರು: ಅರಳೆಯಲ್ಲಿ ಕಾಳು, ಎಲೆಯ ಚೂರು, ಮಣ್ಣುಗಳು ಬೆರೆತವು. ಅದನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಹತ್ತಿಯನ್ನು ಬಿತ್ತಿದ ಹೊಲದಲ್ಲಿ ಆ ವರ್ಷ ಜೋಳವಿಲ್ಲ. ಹೀಗೆ ಕೈಬಿಟ್ಟ ಫಲವನ್ನೂ ವೆಚ್ಚವೆಂದೇ ಅರ್ಥಶಾಸ್ತ್ರಜ್ಞರು ಎಣಿಸುತ್ತಾರೆ. ಕೈಯಲ್ಲಿ ಹಣವಾಡುವಾಗ ಈ ವೆಚ್ಚವು ಕಾಣದು. ಜೋಳವನ್ನು ಕೊಂಡು ತಿನ್ನಬೇಕಾದಾಗ ಕಾಣುತ್ತದೆ.

ಮುಂಬಯಿಯ ವರ್ತಕರ ಹುಚ್ಚು ಬೇರೆಯೇ ಬಗೆಯದು. ಸಮುದ್ರವನ್ನು ತುಂಬಿ ನೆಲ ಮಾಡುವೆವೆಂದು ಹೊರಟ ಬ್ಯಾಕ್‌ಬೇ ಕಂಪೆನಿಯ 5,000 ರೂಪಾಯಿಯ ಪಾಲು 50,000ಕ್ಕೂ ಮೇಲೆ ಬಿಕರಿಯಾಯಿತು.

1865ರ ಏಪ್ರಿಲಿನಲ್ಲಿ ಯುದ್ಧವು ಮುಗಿಯಿತು. ಕ್ರಯವು ಕುಸಿಯಿತು, ಪಾಲುಗಳು ಕಾಗದವಾದವು, ಬ್ಯಾಂಕ್ ಆಫ್ ಬಾಂಬೆಯು 1868ರಲ್ಲಿ ಬಾಗಿಲು ಮುಚ್ಚಿತು. ಅಮೆರಿಕದ ಹತ್ತಿಯು ಬರಲಾರಂಭಿಸಿದೊಡನೆ ಲ್ಯಾಂಕಷೈರು ತನ್ನ ಹಳೆಯ ಅಂಗಡಿಗೇ ಮರಳಿತು. ಮುಂಬಯಿಯ ದಿವಾಳಿಯನ್ನು ಕುರಿತು ವಿಚಾರಣೆಗಳು ನಡೆದವು, ಗ್ರಂಥಗಳು ಹುಟ್ಟಿದವು. ಹಳ್ಳಿಯ ನಷ್ಟಕ್ಕೆ ಅಷ್ಟು ಬರವಣಿಗೆ ಸಲ್ಲಲಿಲ್ಲ. ಕ್ರಯವು ಏರಿದ್ದಾಗ ಅದನ್ನು ನಂಬಿ ಸಾಲ ಮಾಡಿದವನ ಕಂತು ಕ್ರಯದೊಡನೆ ಇಳಿಯುವುದಿಲ್ಲವಷ್ಟೆ.

ಹತ್ತಿಯನ್ನು ಬೇಗನೆ ಸಾಗಿಸಬಲ್ಲ ರೈಲು ಹುಬ್ಬಳ್ಳಿ ಸೀಮೆಗೆ ಬಂದುದು 1880ರ ದಶಕದಲ್ಲಿ. ಅದೂ ಕಾರವಾರದತ್ತ ತಿರುಗದೆ ಗೋವೆಯ ಮುರ್ಮಗಾಂವಿಗೆ ಹೋಯಿತು.