ಮಂಚಿಕೇರಿಯ ಮೂರು ಮಾತುಗಳು: ಶಬ್ದಮೂಲ ಮತ್ತು ಚರಿತ್ರೆ

ಶಬ್ದಗಳ ಹುಟ್ಟನ್ನು ಹುಡುಕುವುದು ಬಹು ವಿನೋದದ ಕೆಲಸ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಅದು ವಿನೋದವಾಗಿಯೇ ಉಳಿಯುವುದಿಲ್ಲ. ಶಿರಸಿ ತಾಲ್ಲೂಕಿನ ಬನವಾಸಿಯನ್ನಾಳಿದ ಅರಸರು ಶಾಸನಗಳನ್ನು ಬರೆಯಿಸಿದರು. ಅವರ ವಂಶ, ದಾನ, ಕಾಳಗಗಳನ್ನು ನಾವು ಕಲ್ಲಿನಿಂದಲೇ ಓದಿಕೊಳ್ಳಬಹುದು. ಅದೇ ಘಟ್ಟದ ಮೇಲೆ, ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸುತ್ತಣ ಕಾಡು ತೋಟಗಳಲ್ಲಿ ದುಡಿದು ಬಾಳಿದ ಸಾಮಾನ್ಯರಿಗೆ ಅಂಥ ಅನುಕೂಲವಿರಲಿಲ್ಲ. ಅವರ ಚರಿತ್ರೆಯನ್ನು ಬರೆಯಹೊರಟವರು ಬಳಕೆಯ ಮಾತುಗಳನ್ನೂ ಆಧಾರವಾಗಿ ಹಿಡಿಯಬೇಕಾಗುತ್ತದೆ. ಇಂಥ ಆಧಾರವನ್ನು ಎಷ್ಟು ದೂರ ನಂಬಬಹುದೆಂಬುದನ್ನು ಮೂರು ಮಾತುಗಳ ಮೂಲಕ ಇಲ್ಲಿ ವಿಚಾರಿಸುತ್ತೇವೆ.

ಮೊದಲನೆಯದು ಈ ಸೀಮೆಯ ಮುಖ್ಯ ಬೆಳೆಯಾದ ಅಡಿಕೆ. ಮಲಯಾಳದಲ್ಲಿ ಇದರ ಸೋದರರೂಪ ‘ಅಡಕ್ಕ’. 1498ರಲ್ಲಿ ಕಲ್ಲಿಕೋಟೆಯ ಕಡೆಗೆ ಬಂದಿಳಿದ ಪೋರ್ಚುಗೀಸರು ಮಲಬಾರದ ಈ ರೂಪವನ್ನು ತಮ್ಮ ಭಾಷೆಗೆ ತೆಗೆದುಕೊಂಡರು. ನಡುವಿನ ಡಕಾರವು ಅವರ ನಾಲಗೆಯ ಮೇಲೆ ರಕಾರವಾಗಿ, ಅಡಕ್ಕ ‘ಅರೆಕ’ ಆಯಿತು. ಅಲ್ಲಿಂದ ಅದು ಇಂಗ್ಲಿಷಿಗೂ ಯುರೋಪಿನ ಇತರ ಭಾಷೆಗಳಿಗೂ ಹೋಯಿತು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸನು ಈ ಮರಕ್ಕೆ ಕೊಟ್ಟ ಶಾಸ್ತ್ರೀಯ ನಾಮದ ಮೊದಲ ಭಾಗ ಇದೇ ಶಬ್ದ. ‘ಅರೆಕಾ ಕಟೆಚು’ ಎಂಬ ಆ ಹೆಸರಿನ ಎರಡನೆಯ ಭಾಗವು ನಮ್ಮ ‘ಕಾಚು’ ಶಬ್ದದ ಬಂಧು. ಕಾಚನ್ನಾದರೋ ಮುಖ್ಯವಾಗಿ ತೆಗೆಯುವುದು ಕಗ್ಗಲಿ ಮರದ ಚೇಗಿನಿಂದ. ತಾಂಬೂಲದಲ್ಲಿ ಕೂಡಿಬರುವ ಎರಡು ಪದಾರ್ಥಗಳು ಹೀಗೆ ಒಂದೇ ಮರದ ಹೆಸರಿನಲ್ಲಿ ಸೇರಿಕೊಂಡವು. ಮಾತು ಪಯಣಿಸಿದ ದಾರಿಯನ್ನು ಈ ಹೆಸರು ಸರಿಯಾಗಿ ಹೇಳುತ್ತದೆ. ವಸ್ತುವಿನ ವಿಷಯದಲ್ಲಿ ಮಾತ್ರ ಅದನ್ನು ಇದ್ದಂತೆಯೇ ನಂಬಲಾಗದು.

ಸರಕಿನ ಹೆಸರಿನಲ್ಲಾಗುವ ಇಂಥ ತೊಡಕಿನಿಂದ ಯಾರಿಗೂ ಹೆಚ್ಚಿನ ಹಾನಿಯಿಲ್ಲ. ಜನರ ಹೆಸರಿನ ಮಾತು ಬೇರೆ. ಮಂಚಿಕೇರಿಯ ಸುತ್ತಲೂ ಯಲ್ಲಾಪುರ, ಹಳಿಯಾಳ ಮೊದಲಾದ ತಾಲ್ಲೂಕುಗಳಲ್ಲಿಯೂ ನೆಲೆಸಿರುವ ಸಿದ್ದಿ ಜನಾಂಗದ ಹೆಸರು ನಮ್ಮ ಎರಡನೆಯ ಮಾತು. ಅಚ್ಚಿನಲ್ಲಿ ಇದನ್ನು ಕೆಲವೊಮ್ಮೆ ಮಹಾಪ್ರಾಣ ಸೇರಿಸಿ ‘ಸಿದ್ಧಿ’ ಎಂದು ಬರೆಯುವುದುಂಟು. ಆಗ ಓದುಗರ ಮನಸ್ಸು ಸಂಸ್ಕೃತದ ಅಷ್ಟಸಿದ್ಧಿಗಳತ್ತ ಹರಿಯುವುದು ಸಹಜ. ಈ ಹೆಸರಿಗೂ ಆ ಸಂಸ್ಕೃತ ಪದಕ್ಕೂ ಸಂಬಂಧವಿಲ್ಲ. ಅರಬ್ಬಿಯಲ್ಲಿ ‘ಸೈಯದ್’ ಎಂದರೆ ಒಡೆಯ, ‘ಸೈಯದಿ’ ಎಂದರೆ ನನ್ನ ಒಡೆಯ; ಅದರಿಂದಲೇ ‘ಸಿದ್ದಿ’ ಬಂದಿತೆಂಬುದು ವಿದ್ವಾಂಸರಲ್ಲಿ ಹೆಚ್ಚು ಮನ್ನಣೆ ಪಡೆದ ಅಭಿಪ್ರಾಯ. ಜಂಜೀರದ ಕಡಲಕೋಟೆಯ ಆಫ್ರಿಕ ಮೂಲದ ನವಾಬರು ಈ ಬಿರುದನ್ನು ಧರಿಸಿದ್ದರು. ಆಫ್ರಿಕದಿಂದ ಬಂದವರಿಗೆ ದಖ್ಖನ್ನಿನಲ್ಲಿ ಇನ್ನೊಂದು ಹೆಸರೂ ಇದ್ದಿತು: ‘ಹಬಸಿ’, ಅಂದರೆ ಹಬಷ್ ದೇಶದವನು. ಅಬಿಸೀನಿಯ ಎಂಬ ಹೆಸರೂ ಇದೇ ಮೂಲದ್ದು. ಅಹಮದನಗರದ ರಾಜ್ಯವನ್ನು ನಡೆಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರನು ಹಬಸಿಯೇ. ಬೀದರಿನ ಹಬಶೀಕೋಟೆಯಲ್ಲಿ ಈ ಶಬ್ದ ಸ್ಥಳನಾಮವಾಗಿ ನಿಂತಿದೆ.

ಈ ಎರಡು ಶಬ್ದಗಳನ್ನು ಮಾತ್ರ ಹಿಡಿದು ಹೊರಟರೆ ಮಂಚಿಕೇರಿಯ ಸಿದ್ದಿಗಳನ್ನು ಒಡೆಯರ ಸಂತತಿಯೆಂದೋ ಅಬಿಸೀನಿಯದವರೆಂದೋ ಬರೆದುಬಿಡಬಹುದು. ಇತರ ಆಧಾರಗಳು ಬೇರೆ ಕಥೆಯನ್ನು ಹೇಳುತ್ತವೆ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಗೆದ್ದುಕೊಂಡ ಬಳಿಕ ಮೊಜಾಂಬಿಕ್ ಮೊದಲಾದ ಆಫ್ರಿಕದ ಕರಾವಳಿಗಳಿಂದ ಜನರನ್ನು ಗುಲಾಮರನ್ನಾಗಿ ಅಲ್ಲಿಗೆ ಸಾಗಿಸಿದರು. ತಮ್ಮ ಅಧೀನದ ಎಲ್ಲ ಪ್ರದೇಶಗಳಲ್ಲಿಯೂ ಗುಲಾಮಗಿರಿಯನ್ನು ಅವರು ಶಾಸನದಿಂದ ರದ್ದುಮಾಡಿದ್ದು 1869ರಲ್ಲಿ. ಅದನ್ನು ಕಾಯದೆ ಓಡಿಹೋದವರಿಗೆ ಘಟ್ಟದ ಕಾಡು ಆಸರೆಯಾಯಿತು. ಉತ್ತರ ಕನ್ನಡದ ಸಿದ್ದಿಗಳಲ್ಲಿ ಹಲವರ ಪೂರ್ವಜರು ಇವರೇ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಭಾರತದ ಸಿದ್ದಿಗಳ ಆಫ್ರಿಕ ಮೂಲವನ್ನು ಬಾಂಟು ಭಾಷೆಗಳನ್ನಾಡುವ ಜನರೊಡನೆ ಹೊಂದಿಸಿ ತೋರಿಸಿತು. ಹೆಸರು ಅರಬ್ಬಿಯದು, ದಾರಿ ಪೋರ್ಚುಗೀಸರದು, ರಕ್ತಸಂಬಂಧ ಬಾಂಟು ಜನರದು, ಆಡುವ ಮಾತು ಕೊಂಕಣಿ, ಕನ್ನಡ. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು.

ಮೂರನೆಯ ಮಾತು ಇದೇ ಜನರ ‘ಡಮಾಮಿ’ ಕುಣಿತ. ಅದರಲ್ಲಿ ಬಾರಿಸುವ ವಾದ್ಯದ ಹೆಸರು ಪಾರಸಿಯ ‘ದಮಾಮ’, ಅಂದರೆ ನಗಾರಿ. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯು ಅರಮನೆಯ ನಗಾರಿಖಾನೆಯ ವಾದ್ಯಗಳಲ್ಲಿ ದಮಾಮವನ್ನು ಹೇಳುತ್ತದೆ. ಅರಸನ ಬರವನ್ನು ಸಾರುವ ವಾದ್ಯದ ಹೆಸರು ಕಾಡಿನಂಚಿನ ಅಂಗಳವನ್ನು ಸೇರಿತು. ಗುಜರಾತಿನ ಸಿದ್ದಿಗಳಾದರೋ ತಮ್ಮ ಕುಣಿತವನ್ನು ‘ಗೋಮ’ ಎನ್ನುತ್ತಾರೆ. ಅದನ್ನು ಸ್ವಾಹಿಲಿಯ ‘ಙೋಮ’ ಎಂಬ ಶಬ್ದಕ್ಕೆ ಜೋಡಿಸುತ್ತಾರೆ. ಅದಕ್ಕೆ ಡೋಲು, ಕುಣಿತ ಎಂಬ ಎರಡು ಅರ್ಥಗಳೂ ಇವೆ. ಅಲ್ಲಿ ಆಫ್ರಿಕದ ಶಬ್ದ ಉಳಿಯಿತು. ಇಲ್ಲಿ ದಖ್ಖನ್ನಿನ ದರ್ಬಾರುಗಳಲ್ಲಿ ಬಳಕೆಯಿದ್ದ ಪಾರಸಿಯ ಶಬ್ದ ನಿಂತಿತು. ಹೆಸರು ಪಾರಸಿಯದಾದುದರಿಂದ ಕುಣಿತವೂ ಪಾರಸಿಕರದೆನ್ನಲಾಗದು. ಈ ಸಿದ್ದಿಗಳು ಪೂಜಿಸುವ ತಮ್ಮ ಗತಿಸಿದ ಪೂರ್ವಜರಿಗೆ ‘ಹಿರಿಯರು’ ಎಂಬ ಕನ್ನಡದ ಹೆಸರೇ ಇದೆ. ಅಷ್ಟರಿಂದ ಆ ಪೂರ್ವಜರು ಕನ್ನಡಿಗರಾಗುವುದಿಲ್ಲ.

ಒಂದು ಶಬ್ದದ ಮೂಲ ತಿಳಿದೊಡನೆ ಆ ಹೆಸರಿನ ಜನರ ಮೂಲವೂ ತಿಳಿಯಿತೆಂದು ಭಾವಿಸಲಾಗದು. ಹೆಸರನ್ನು ಇಟ್ಟವರು ಒಬ್ಬರು, ಹೊತ್ತವರು ಮತ್ತೊಬ್ಬರು ಆಗಿರುವುದುಂಟು. ಶಾಸನವನ್ನು ಓದುವವರು ಲಿಪಿ, ಕಾಲ, ಬರೆಯಿಸಿದವರು ಇವನ್ನೆಲ್ಲ ಪರೀಕ್ಷಿಸುವಂತೆ, ಶಬ್ದವು ಯಾವ ದಾರಿಯಿಂದ ಬಂದಿತು, ಯಾರ ಬಾಯಿಂದ ಬಂದಿತು, ಬೇರೆ ಆಧಾರ ಅದಕ್ಕೆ ಒಪ್ಪುವುದೇ ಎಂದು ನಾವು ಕೇಳಬೇಕು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಮನೆಗಳ ಮಕ್ಕಳು ನಮ್ಮ ಕಾಲೇಜುಗಳಿಗೆ ಬಂದಾಗ ಅವರ ಹೆಸರಿಗೆ ‘ಒಡೆಯ’ ಎಂಬ ಅರ್ಥವುಂಟೆಂದು ಹೇಳುವುದು ಸುಲಭ. ಅದು ಸುಳ್ಳೂ ಅಲ್ಲ. ಆದರೆ ಸರಕಿನಂತೆ ಮಾರಲ್ಪಟ್ಟು, ತಪ್ಪಿಸಿಕೊಂಡು ಘಟ್ಟವನ್ನೇರಿ, ಪರದೇಶದ ಕಾಡಿನಲ್ಲಿ ಸಂಸಾರ ಹೂಡಿದವರ ವೃತ್ತಾಂತವನ್ನು ಅದರ ಜೊತೆಗೆ ಹೇಳದಿದ್ದರೆ ಆ ಪಾಠ ಪೂರ್ಣವಾಗದು.